2019 ಯಾರಿಗೆ ಒಳ್ಳೆಯ ವರ್ಷ?

ಈಚೆಗೆ ಎಲ್ಲಿ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. “2019 ಇತ್ತಲ್ಲ, ಅದೇ ಕೊನೆಯ ಒಳ್ಳೆಯ ವರ್ಷ.” ಆಮೇಲೆ ಕೊರೋನಾ ಬಂತು, ಬದುಕು ಎರಡು ಹೋಳಾಯಿತು ಎಂಬುದು ಇದರ ತಾತ್ಪರ್ಯ. ಹೇಳುವವರು ಮೊಬೈಲು ತೆಗೆದು ಮಾಸ್ಕಿಲ್ಲದ ಮುಖಗಳ ಫೋಟೋ ತೋರಿಸುತ್ತಾರೆ. ಆ ವರ್ಷದ ಹಾಡು, ಸಿನಿಮಾ, ವಿಶ್ವಕಪ್ಪು, ಚಂದ್ರಯಾನ ಎಲ್ಲವೂ ಒಂದೊಂದಾಗಿ ಬರುತ್ತವೆ. ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ನಾನು ಚೊಳಚಗುಡ್ಡದವನು.

ಬಾದಾಮಿಯಿಂದ ನಾಲ್ಕೈದು ಕಿಲೋಮೀಟರು ದೂರದ ಊರು ನಮ್ಮದು. ಬನಶಂಕರಿ ಇರುವುದು ನಮ್ಮಲ್ಲೇ. ನಮ್ಮ ವರ್ಷ ಶುರುವಾಗುವುದು ಜನವರಿ ಒಂದಕ್ಕಲ್ಲ, ಬನದ ಹುಣ್ಣಿಮೆಗೆ. 2019ರಲ್ಲಿ ಆ ಹುಣ್ಣಿಮೆ ಬಿದ್ದದ್ದು ಜನವರಿ 21ಕ್ಕೆ. ಅದೇ ದಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತೀರಿಕೊಂಡರು. ತೇರಿಗೆಂದು ಬಂದ ಜನ ಚಹಾದಂಗಡಿಯ ಟಿವಿ ಮುಂದೆ ಕಣ್ಣೊರೆಸಿಕೊಳ್ಳುತ್ತ ನಿಂತದ್ದು ನನಗೆ ನೆನಪಿದೆ. ನಮ್ಮ ವರ್ಷ ಹಾಗೆ ಶುರುವಾಯಿತು.

ಜಾತ್ರೆ ಒಂದು ತಿಂಗಳು ನಡೆಯುತ್ತದೆ. ಆ ತಿಂಗಳು ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವೆ. ಒಂದೇ ರಾತ್ರಿ ಒಂದೊಂದು ಕಂಪನಿ ಎರಡು ಮೂರು ಆಟ ಆಡುತ್ತದೆ. ಬಾಗಲಕೋಟೆ, ಗದಗ, ಕೊಪ್ಪಳದ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬಂದವರು ನಸುಕಿನ ತನಕ ಕೂತು ನೋಡುತ್ತಾರೆ. ಆ ವರ್ಷ ಅಂಗಡಿಗಳ ಸ್ಪೀಕರಿನಲ್ಲಿ ಹಿಂದಿನ ಡಿಸೆಂಬರಿನಲ್ಲಿ ಬಂದಿದ್ದ ಕೆಜಿಎಫ್ ಹಾಡು. ಟೆಂಟಿನೊಳಗೆ ಕೆಜಿಎಫ್‌ನ ಗತ್ತನ್ನೇ ಗೇಲಿ ಮಾಡುವ ಹಾಸ್ಯನಟ. ಅವನ ಮಾತಿಗೆ ತುಟಿ ಆಡಿಸಿ ಟಿಕ್‌ಟಾಕ್ ಮಾಡುವ ನಮ್ಮ ಓಣಿಯ ಹುಡುಗರು. ಜನಪ್ರಿಯ ಸಂಸ್ಕೃತಿ ಎಂದು ಯಾವುದನ್ನು ಕರೆಯುತ್ತೀರೋ ಅದು ಇಲ್ಲಿ ಒಂದೇ ಬಯಲಿನಲ್ಲಿ ಸಿಗುತ್ತಿತ್ತು. ಆದರೆ ವರ್ಷದ ಕೊನೆಗೆ ಬಂದ ಹಿನ್ನೋಟಗಳಲ್ಲಿ ನಾನು ಓದಿದ ಯಾವುದರಲ್ಲೂ ಈ ಬಯಲಿನ ಒಂದು ಸಾಲೂ ಇರಲಿಲ್ಲ.

ಜೂನ್ 10ಕ್ಕೆ ಗಿರೀಶ ಕಾರ್ನಾಡರು ಹೋದರು. ನುಡಿನಮನ ಬರೆದವರಲ್ಲಿ ಅನೇಕರು, ಚಿಕ್ಕಂದಿನಲ್ಲಿ ನೋಡಿದ ಕಂಪನಿ ನಾಟಕಗಳು ಅವರನ್ನು ಹೇಗೆ ಬೆಳೆಸಿದವು ಎಂದು ನೆನೆದರು. ಸರಿಯೇ. ಆದರೆ ಆ ಕಂಪನಿಗಳೇನು ಕಾರ್ನಾಡರ ಬಾಲ್ಯದಲ್ಲೇ ಮುಗಿದು ಹೋದವೇ? ನಮ್ಮ ಜಿಲ್ಲೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರಂಥವರು ಬರೆದು ಬೆಳೆಸಿದ ರಂಗಭೂಮಿ ಅದು. ಸತ್ತವರ ನೆನಪಿನಲ್ಲಿ ಕಂಪನಿ ನಾಟಕಕ್ಕೆ ಜಾಗ ಉಂಟು, ಬದುಕಿರುವವರ ಪಟ್ಟಿಯಲ್ಲಿ ಇಲ್ಲ ಎಂದರೆ ಏನರ್ಥ?

ಇನ್ನು ಆಗಸ್ಟ್. ಜುಲೈ 23ಕ್ಕೆ ಸಮ್ಮಿಶ್ರ ಸರ್ಕಾರ ಬಿತ್ತು. 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಸಂಪುಟ ಆದದ್ದು ಆಗಸ್ಟ್ 20ಕ್ಕೆ. ನಡುವೆ 25 ದಿನ ಇಡೀ ರಾಜ್ಯಕ್ಕೆ ಮುಖ್ಯಮಂತ್ರಿಯೊಬ್ಬರೇ, ಮಂತ್ರಿಗಳಿಲ್ಲ. ಹೊಳೆ ಬಂದದ್ದು ಆ ದಿನಗಳಲ್ಲೇ. ನವಿಲುತೀರ್ಥದ ಜಲಾಶಯ ತುಂಬಿ ಗೇಟು ತೆಗೆದರು. ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿತು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಗುಡಿಗಳು ಅವು. ಅವುಗಳ ಫೋಟೋ ದೇಶವೆಲ್ಲ ನೋಡಿತು. ಸುತ್ತಲಿನ ಹಳ್ಳಿಗಳ ಫೋಟೋ ಅಷ್ಟು ಓಡಾಡಲಿಲ್ಲ.

ಆಗಸ್ಟ್ 9, ಶುಕ್ರವಾರ. ಆ ದಿನ ‘ಕುರುಕ್ಷೇತ್ರ’ ಬಿಡುಗಡೆಯಾಯಿತು. ರನ್ನನ ಗದಾಯುದ್ಧವನ್ನು ಆಧರಿಸಿದ್ದು ಎಂದು ಹೇಳಿಕೊಂಡ ಸಿನಿಮಾ. ರನ್ನ ಮುಧೋಳದವನು. ಅವನ ದುರ್ಯೋಧನ ಪ್ರಾಣ ಉಳಿಸಿಕೊಳ್ಳಲು ಸರೋವರದ ನೀರಿನಲ್ಲಿ ಅಡಗುತ್ತಾನೆ. ಆ ವಾರ ಅದೇ ಮುಧೋಳ ತಾಲೂಕಿನ ಜನ ಘಟಪ್ರಭೆಯ ನೀರಿನಿಂದ ಪ್ರಾಣ ಉಳಿಸಿಕೊಳ್ಳಲು ದಿಬ್ಬ ಹತ್ತುತ್ತಿದ್ದರು.

ಇದನ್ನು ಬೇರೆಯವರ ಮೇಲಿನ ಆರೋಪವಾಗಿ ಬರೆದು ನಾನು ಪಾರಾಗುವಂತಿಲ್ಲ. ಆ ಶುಕ್ರವಾರ ನಾನು ಬೆಂಗಳೂರಿನ ಥಿಯೇಟರೊಂದರಲ್ಲಿ ಅದೇ ಸಿನಿಮಾ ನೋಡುತ್ತಿದ್ದೆ. ಫೋನು ಸೈಲೆಂಟಿನಲ್ಲಿತ್ತು. ಹೊರಗೆ ಬಂದಾಗ ಅವ್ವನ ಏಳು ಕರೆಗಳು. “ಹಿತ್ತಲ ಗ್ವಾಡಿ ಬಿತ್ತೋ. ನಾವು ಮ್ಯಾಲಿನ ಓಣಿಗೆ ಬಂದೀವಿ. ಎಮ್ಮಿ ಬಿಚ್ಚಿ ಬಿಟ್ಟೇವಿ. ನೀ ಗಾಬ್ರಿ ಆಗಬ್ಯಾಡ.” ನನ್ನ ಕೈಯಲ್ಲಿ ಪಾಪ್‌ಕಾರ್ನಿನ ಡಬ್ಬಿ ಇತ್ತು.

ಸಿನಿಮಾದವರದೇನು ತಪ್ಪು ಎಂದು ನೀವು ಕೇಳಬಹುದು. ಏನೂ ಇಲ್ಲ. ಬಿಡುಗಡೆಯ ದಿನ ಮೊದಲೇ ಗೊತ್ತಾಗಿತ್ತು. ಬೆಂಗಳೂರಿನಿಂದ ಲಾರಿಗಟ್ಟಲೆ ಬಟ್ಟೆ, ಅಕ್ಕಿ ಬಂದದ್ದೂ ನಿಜ. ಅದನ್ನು ಮರೆತರೆ ನಾನು ಕೃತಘ್ನನಾದೇನು. ನನ್ನ ತಕರಾರು ಆ ದಿನದ್ದಲ್ಲ, ಆಮೇಲಿನದ್ದು. ನಾಲ್ಕೇ ತಿಂಗಳಿಗೆ ಡಿಸೆಂಬರ್ ಬಂದಾಗ ‘ಕುರುಕ್ಷೇತ್ರ’ ವರ್ಷದ ನೆನಪಾಗಿ ಉಳಿದಿತ್ತು, ಹೊಳೆ ಆಗಸ್ಟಿನ ಒಂದು ಸುದ್ದಿಯಾಗಿ ಮುಗಿದಿತ್ತು.

ನೆನಪು ಬರೀ ಭಾವನೆಯ ವಿಷಯ ಎಂದುಕೊಳ್ಳಬೇಡಿ. ನಮ್ಮೂರಲ್ಲೂ ಒಂದು ಪಟ್ಟಿ ತಯಾರಾಗುತ್ತಿತ್ತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ. ಅಳತೆಗೆ ಬಂದವರು ಬರುವ ಹೊತ್ತಿಗೆ ರಾಡಿ ಒಣಗಿತ್ತು. ನೀರು ಎಲ್ಲಿಯ ತನಕ ಬಂದಿತ್ತು ಎಂಬುದಕ್ಕೆ ಗೋಡೆಯ ಮೇಲಿನ ಕಲೆಯೊಂದೇ ಸಾಕ್ಷಿ. ನಮ್ಮಪ್ಪ ಆ ಕಲೆಯನ್ನು ತೋರಿಸಿದ. ನಮ್ಮ ಮನೆ ಸಿ ಪಟ್ಟಿಗೆ ಹೋಯಿತು. ಅಪ್ಪ ಈಗಲೂ ಆ ಗೋಡೆಗೆ ಸುಣ್ಣ ಬಳಿಯಲು ಬಿಡುವುದಿಲ್ಲ.

2019ನ್ನು ಒಳ್ಳೆಯ ವರ್ಷ ಎಂದು ಕರೆದರೆ ಆ ಕಲೆಗೆ ಸುಣ್ಣ ಬಳಿದಂತೆ. ಮಲಪ್ರಭೆ 2009ರಲ್ಲೂ ಹೀಗೇ ಬಂದಿತ್ತು. ಅಣೆಕಟ್ಟಿನ ಕೆಳಗೆ ವರ್ಷದ ಬಹುಪಾಲು ಹೊಳೆ ಒಣಗಿರುತ್ತದೆ. ಒಣಗಿದ ಪಾತ್ರವನ್ನು ನಾವೇ ಒತ್ತಿ ಕಬ್ಬು ಹಚ್ಚಿದ್ದೇವೆ, ಉಳಿದ ಕಡೆ ಜಾಲಿ ಬೆಳೆದಿದೆ. ನೀರಿಗೆ ದಾರಿಯಿಲ್ಲ. ಅದು ಇನ್ನೊಮ್ಮೆ ಬರುತ್ತದೆ. ಹಾಗೆ ಬಂದಾಗಲೂ “ಅಯ್ಯೋ, ಎಂದೂ ಇಲ್ಲದ ಹೊಳೆ” ಎಂದು ಬೆರಗಾಗುವವರು, ಇಂದು 2019ನ್ನು ಒಳ್ಳೆಯ ವರ್ಷ ಎನ್ನುವವರೇ.

ನಮ್ಮ ವರ್ಷ ಮುಗಿದದ್ದು 2020ರ ಜನವರಿ 10ರ ಬನದ ಹುಣ್ಣಿಮೆಗೆ. ಬಿದ್ದ ಗೋಡೆಗಳ ಊರಿಗೆ ಕಂಪನಿಗಳು ಮತ್ತೆ ಬಂದವು. ಅವ್ವ ತಗಡಿನ ಟೆಂಟಿನಲ್ಲಿ ಕೂತು ಐದು ತಿಂಗಳ ನಂತರ ಮೊದಲ ಸಲ ಬಿದ್ದು ಬಿದ್ದು ನಕ್ಕಳು. ಮಾರ್ಚಿನಲ್ಲಿ ಆ ಟೆಂಟುಗಳಿಗೂ ಬೀಗ ಬಿತ್ತು, ನಟರು ಕೂಲಿಗೆ ಹೋದರು.

ಕೊನೆಯ ಒಳ್ಳೆಯದು ಯಾವುದು ಎಂದು ನನ್ನನ್ನು ಕೇಳಿದರೆ ಆ ಒಂದು ರಾತ್ರಿಯನ್ನು ಹೇಳುತ್ತೇನೆ. ಇಡೀ ವರ್ಷವನ್ನು ಹೇಳಲಾರೆ. ಮುಂದಿನ ಸಲ ನೀವು ಒಂದು ವರ್ಷದ ಲೆಕ್ಕ ಬರೆಯುವಾಗ ಹೊಳೆ ದಂಡೆಯವರನ್ನೂ ಒಂದು ಮಾತು ಕೇಳಿ, ಆಮೇಲೆ ಒಳ್ಳೆಯದೋ ಕೆಟ್ಟದ್ದೋ ಬರೆಯಿರಿ.