ಹಾಜರಾಗದ ಪಂಚರು: ಜ್ಯೂರಿಯ ಸಮನ್ಸು ಮತ್ತು ಗುಲ್ವಾಡಿಯ ಕಾಲ

ಕುಂದಾಪುರ ಸೀಮೆಯ ಗುಲ್ವಾಡಿ ಎಂದೊಡನೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು ಗುಲ್ವಾಡಿ ವೆಂಕಟರಾಯರು ಮತ್ತು 1899ರಲ್ಲಿ ಪ್ರಕಟವಾದ ಅವರ 'ಇಂದಿರಾಬಾಯಿ'. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಅದನ್ನು ಗುರುತಿಸುತ್ತೇವೆ. ಅದರ ಕರ್ತೃ ಪೊಲೀಸ್ ಇಲಾಖೆಯಲ್ಲಿದ್ದವರೆಂಬುದನ್ನೂ ಉಲ್ಲೇಖಿಸುತ್ತೇವೆ. ಆದರೆ ಆ ಕಾದಂಬರಿಯ ಹಿಂದಿನ ವರ್ಷವೇ, 1898ರಲ್ಲಿ, ಕ್ರಿಮಿನಲ್ ಪ್ರೊಸೀಜರ್ ಕೋಡ್ ಎಂಬ ಇನ್ನೊಂದು ಗ್ರಂಥ ಜಾರಿಗೆ ಬಂದುದನ್ನು ನಾವು ಗಮನಿಸುವುದಿಲ್ಲ. ಅಂದಿನ ಕರಾವಳಿಯ ಸಮಾಜವನ್ನು ಅರಿಯಲು ಎರಡನ್ನೂ ಜೊತೆಗಿಟ್ಟು ಓದಬೇಕೆಂಬುದು ನನ್ನ ಅಭಿಪ್ರಾಯ. ಕೋಡಿನ ಒಂದು ಸಣ್ಣ ಕಲಂ ಇದಕ್ಕೆ ಒಳ್ಳೆಯ ನಿದರ್ಶನ: ಜ್ಯೂರಿಯಾಗಿ ಬರಬೇಕೆಂದು ಕರೆ ಬಂದವನು ಬಾರದೆ ಹೋದರೆ ಏನಾಗುತ್ತಿತ್ತು?

ಕೋಡಿನ 319ನೆಯ ಕಲಮಿನಂತೆ ಜಿಲ್ಲೆಯಲ್ಲಿ ವಾಸವಾಗಿರುವ 21ರಿಂದ 60 ವರ್ಷದೊಳಗಿನ ಪುರುಷರೆಲ್ಲರೂ ಜ್ಯೂರಿಗಳಾಗಿಯೋ ಅಸೆಸರುಗಳಾಗಿಯೋ ಸೇವೆ ಸಲ್ಲಿಸಲು ಬದ್ಧರಾಗಿದ್ದರು. ವಕೀಲರು, ವೈದ್ಯರು, ಪೌರೋಹಿತ್ಯ ನಡೆಸುವವರು ಮೊದಲಾದ ಕೆಲವರಿಗೆ ವಿನಾಯಿತಿಯಿತ್ತು. ಸೆಷನ್ಸ್ ನ್ಯಾಯಾಧೀಶರೂ ಕಲೆಕ್ಟರರೂ ಕೂಡಿ ಪಟ್ಟಿ ತಯಾರಿಸುತ್ತಿದ್ದರು. ಯಾವ ಜಿಲ್ಲೆಯಲ್ಲಿ, ಯಾವ ಅಪರಾಧಗಳಿಗೆ ಜ್ಯೂರಿ ಎಂಬುದನ್ನು ಸರಕಾರ ನಿರ್ಧರಿಸುತ್ತಿತ್ತು. ಸೆಷನ್ಸಿನ ಉಳಿದ ಮೊಕದ್ದಮೆಗಳು ಅಸೆಸರುಗಳ ನೆರವಿನಿಂದ ನಡೆಯುತ್ತಿದ್ದವು.

ಸಮನ್ಸು ತಲುಪಿಯೂ ನ್ಯಾಯಸಮ್ಮತ ಕಾರಣವಿಲ್ಲದೆ ಗೈರುಹಾಜರಾದವನ ಗತಿಯನ್ನು 332ನೆಯ ಕಲಂ ಹೇಳುತ್ತದೆ. ಅವನಿಗೆ 100 ರೂಪಾಯಿಯವರೆಗೆ ಜುಲ್ಮಾನೆ. ಅದನ್ನು ಅವನ ಚರಸ್ವತ್ತನ್ನು ಜಪ್ತಿಮಾಡಿ, ಮಾರಿ ವಸೂಲು ಮಾಡಬೇಕು. ಹಾಗೂ ಹಣ ಹುಟ್ಟದಿದ್ದರೆ 15 ದಿನ ಸಿವಿಲ್ ಜೈಲು. ತಕ್ಕ ಕಾರಣ ತೋರಿಸಿದರೆ ದಂಡವನ್ನು ತಗ್ಗಿಸುವ ಅಥವಾ ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿತ್ತು. ಆ ಕಾಲದಲ್ಲಿ ನೂರು ರೂಪಾಯಿ ಸಣ್ಣ ಮೊತ್ತವಲ್ಲ. ಗುಲ್ವಾಡಿಯ ಕೃಷಿಕನಿಗೆ ಜಿಲ್ಲಾ ಕೇಂದ್ರವಾದ ಮಂಗಳೂರು ಹತ್ತಿರದ ಊರೂ ಅಲ್ಲ. ನಡುವೆ ಸೀತೆ, ಸ್ವರ್ಣೆ, ಶಾಂಭವಿ ಮೊದಲಾದ ಹೊಳೆಗಳನ್ನು ಕಡವಿನ ದೋಣಿಯಲ್ಲಿ ದಾಟಬೇಕಾಗಿದ್ದ ಕಾಲವದು. ನಾಟಿಯ ಹೊತ್ತಿನಲ್ಲೋ ಕೊಯ್ಲಿನ ಹೊತ್ತಿನಲ್ಲೋ ಇಂಥ ಕರೆ ಬಂದರೆ ಅದನ್ನು ಗೌರವವೆಂದು ಬಗೆಯುವವರು ಎಷ್ಟು ಮಂದಿ ಇದ್ದಾರು?

ಆದರೆ ಜುಲ್ಮಾನೆ ಗೈರುಹಾಜರಿಯ ಅತಿ ಹಗುರವಾದ ಪರಿಣಾಮ. ಕರೆಸಿದವರ ಸಂಖ್ಯೆ ಸಾಲದಿದ್ದರೆ, ಅಲ್ಲಿ ನೆರೆದಿದ್ದ ಇತರರಿಂದ ಜ್ಯೂರಿಯನ್ನು ತುಂಬಿಸಿಕೊಳ್ಳಲು ಕೋಡು ಅವಕಾಶ ಕೊಟ್ಟಿತ್ತು. ಅಂದರೆ ಬಾರದವನ ಪೀಠ ಕೋರ್ಟಿನ ಆವರಣದಲ್ಲಿದ್ದ ಯಾರಿಗೋ ದಕ್ಕಬಹುದಿತ್ತು. ವಿಚಾರಣೆಯ ನಡುವೆ ಜ್ಯೂರಿಯೊಬ್ಬನು ತಪ್ಪಿಸಿಕೊಂಡರೆ ಬೇರೊಬ್ಬನನ್ನು ಸೇರಿಸಿ, ಇಲ್ಲವೇ ಇಡೀ ಮಂಡಳಿಯನ್ನು ವಿಸರ್ಜಿಸಿ, ವಿಚಾರಣೆಯನ್ನು ಮೊದಲಿನಿಂದ ಆರಂಭಿಸಬೇಕಿತ್ತು. ಒಬ್ಬನ ಅಸಡ್ಡೆಯ ಬೆಲೆಯನ್ನು ಕಟಕಟೆಯಲ್ಲಿ ನಿಂತ ಆರೋಪಿ ತೆರುತ್ತಿದ್ದ.

ಅಸೆಸರಿನ ಸ್ಥಿತಿ ಇನ್ನೂ ವಿಚಿತ್ರ. ಒಬ್ಬ ಅಸೆಸರು ಬಾರದಿದ್ದರೆ ಉಳಿದವರೊಂದಿಗೆ ವಿಚಾರಣೆ ಸಾಗುತ್ತಿತ್ತು. ಬಂದವನ ಅಭಿಪ್ರಾಯವನ್ನು ಕೇಳಲಾಗುತ್ತಿತ್ತಾದರೂ, 309ನೆಯ ಕಲಮಿನ ಪ್ರಕಾರ ನ್ಯಾಯಾಧೀಶರು ಅದಕ್ಕೆ ಬದ್ಧರಲ್ಲ. ಬಾರದಿದ್ದರೆ ದಂಡ, ಬಂದು ಆಡಿದ ಮಾತಿಗೆ ಬೆಲೆಯಿಲ್ಲ! ವ್ಯಕ್ತಿಯ ದೇಹ ಬೇಕು, ಅವನ ವಿವೇಕ ಬೇಡ ಎಂಬ ಈ ವ್ಯವಸ್ಥೆಯೇ ಗೈರುಹಾಜರಿಯನ್ನು ಕಲಿಸಿತೆಂದು ನಾನು ಭಾವಿಸುತ್ತೇನೆ.

'ನಮ್ಮ ಜನ ಜ್ಯೂರಿಗೆ ಅರ್ಹರಾಗಿರಲಿಲ್ಲ, ಆದ್ದರಿಂದ ಆ ಪದ್ಧತಿ ಹೋಯಿತು' ಎಂಬ ಮಾತು ಈಗ ರೂಢಿಯಾಗಿದೆ. ಅದಕ್ಕೆ ಸಾಕ್ಷಿಯಾಗಿ ಮುಂಬಯಿಯ ನಾನಾವತಿ ಪ್ರಕರಣವನ್ನು ಮುಂದಿಡುತ್ತಾರೆ. 1959ರಲ್ಲಿ ಒಂಬತ್ತು ಮಂದಿಯ ಜ್ಯೂರಿ ಎಂಟು-ಒಂದರ ಬಹುಮತದಿಂದ ಆರೋಪಿಯನ್ನು ನಿರ್ದೋಷಿಯೆಂದಿತು. ನ್ಯಾಯಾಧೀಶರು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳುಹಿಸಿದರು. ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಕಾಲಾನುಕ್ರಮ ಬೇರೆಯದನ್ನೇ ಹೇಳುತ್ತದೆ. ಅಸೆಸರು ಪದ್ಧತಿಯನ್ನು 1955ರ ತಿದ್ದುಪಡಿಯೇ ತೆಗೆದುಹಾಕಿತ್ತು. ಜ್ಯೂರಿಯನ್ನು ಕೈಬಿಡಬೇಕೆಂದು ಕಾನೂನು ಆಯೋಗ ತನ್ನ 14ನೆಯ ವರದಿಯಲ್ಲಿ 1958ರಲ್ಲೇ ಸಲಹೆಯಿತ್ತಿತ್ತು. 1973ರ ಹೊಸ ಸಂಹಿತೆ ಅದಕ್ಕೆ ಕೊನೆಯ ಮುದ್ರೆಯೊತ್ತಿತು. ಒಂದು ಪ್ರಸಿದ್ಧ ತೀರ್ಪಿನಿಂದ ಸತ್ತ ಸಂಸ್ಥೆಯಲ್ಲ ಇದು. ಬೇರು ಬಿಡಲು ಆಸ್ಪದವೇ ಇಲ್ಲದೆ ಒಣಗಿದ್ದು.

ಜನ ಅರ್ಹರಲ್ಲ ಎಂಬ ಮಾತನ್ನು ಕುಂದಾಪುರ ಸೀಮೆಯ ಇತಿಹಾಸ ಒಪ್ಪುವುದಿಲ್ಲ. ಬಸರೂರು, ಬಾರಕೂರುಗಳ ಶಾಸನಗಳಲ್ಲಿ ಕೇರಿಗಳ 'ಹಲರು', 'ಸೆಟ್ಟಿಕಾರರು' ಎಂಬ ಸಮುದಾಯ ಸಭೆಗಳು ಮತ್ತೆ ಮತ್ತೆ ಕಾಣಿಸುತ್ತವೆ. ಊರಿನ ವ್ಯವಹಾರದಲ್ಲಿ ಅವುಗಳ ಸಮ್ಮತಿಗೆ ತೂಕವಿತ್ತು. ಆ ಸಭೆಗಳನ್ನು ಆದರ್ಶೀಕರಿಸಬೇಕಾಗಿಲ್ಲ. ಅವು ವರ್ತಕರ, ಪ್ರಮುಖರ ಕೂಟಗಳು, ಎಲ್ಲರಿಗೂ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಅಲ್ಲಿ ಕೂರುವವನಿಗೆ ಕೂರುವುದು ಹಕ್ಕಾಗಿತ್ತು. ಕೋಡಿನ ಸಮನ್ಸು ಅದನ್ನು ಬಿಟ್ಟಿಚಾಕರಿಯನ್ನಾಗಿಸಿತು. ಹಕ್ಕನ್ನು ಕಳೆದುಕೊಂಡವನು ದುಃಖಿಸುತ್ತಾನೆ. ಬಿಟ್ಟಿಚಾಕರಿ ತಪ್ಪಿದವನು ನಿಟ್ಟುಸಿರು ಬಿಡುತ್ತಾನೆ. ಜ್ಯೂರಿ ಹೋದಾಗ ಯಾರೂ ಮರುಗದಿದ್ದುದಕ್ಕೆ ಕಾರಣ ಇಲ್ಲಿದೆ.

ಇನ್ನೊಂದು ಅಂಶ. 319ನೆಯ ಕಲಂ ಸ್ತ್ರೀಯರನ್ನು ಕರೆಯಲೇ ಇಲ್ಲ. ಮರುವರ್ಷ ಬಂದ 'ಇಂದಿರಾಬಾಯಿ' ಬಾಲವಿಧವೆಯೊಬ್ಬಳ ವಿದ್ಯೆ ಮತ್ತು ಪುನರ್ವಿವಾಹದ ಪ್ರಶ್ನೆಯನ್ನು ಓದುಗರ ಮುಂದಿಟ್ಟಿತು. ಓದಬಲ್ಲ ಹೆಣ್ಣೂ ಅದರ ಬಗ್ಗೆ ತನ್ನ ತೀರ್ಮಾನಕ್ಕೆ ಬರಬಹುದಿತ್ತು. ನ್ಯಾಯಾಲಯ ಯಾರನ್ನು ಪಂಚರೆಂದು ಪರಿಗಣಿಸಲಿಲ್ಲವೋ ಅವರನ್ನು ಕಾದಂಬರಿ ಪರಿಗಣಿಸಿತು. ಆರಂಭಕಾಲದ ಕನ್ನಡ ಕಾದಂಬರಿಯ ಸುಧಾರಣಾ ಧ್ವನಿಯನ್ನು ಕೇವಲ ಬೋಧನೆಯೆಂದು ತಳ್ಳಿಹಾಕುವ ಮೊದಲು ಈ ವ್ಯತ್ಯಾಸವನ್ನು ನೆನೆಯಬೇಕು.

ಇಂದು ನಮಗೆ ಸಮನ್ಸು ಬರುವುದು ಸಾಕ್ಷಿಯಾಗಿ ಇಲ್ಲವೇ ಕಕ್ಷಿಗಾರರಾಗಿ. ತೀರ್ಪಿನಲ್ಲಿ ಪಾಲುಗೊಳ್ಳಲು ಅಲ್ಲ. ಜ್ಯೂರಿಯನ್ನು ಮರಳಿ ತರಬೇಕೆಂದು ನಾನು ವಾದಿಸುತ್ತಿಲ್ಲ. ಅದರ ಅವಸಾನದ ಹೊಣೆಯನ್ನು ಜನರ ತಲೆಗೆ ಕಟ್ಟುವುದು ಸರಿಯಲ್ಲ ಎಂಬುದಷ್ಟೇ ನನ್ನ ವಾದ. ಕಲೆಕ್ಟರರ ಕಚೇರಿಯಲ್ಲಿಯೂ ಊರಿನ ಪ್ರಮುಖ ಸ್ಥಳಗಳಲ್ಲಿಯೂ ಅಂಟಿಸಬೇಕಾಗಿದ್ದ ಆ ಹೆಸರುಪಟ್ಟಿಗಳನ್ನು ನಮ್ಮ ಸಂಶೋಧಕರು ಹಳೆಯ ಕಡತಗಳಲ್ಲಿ ಅರಸಲಿ. ಯಾರನ್ನು ಕರೆದರು, ಯಾರು ಬಂದರು, ಯಾರು ದಂಡ ತೆತ್ತರು ಎಂಬ ವಿವರ ದೊರೆತರೆ, ಅಂದಿನ ಕರಾವಳಿಯಲ್ಲಿ ಯಾರ ಮಾತು ನಡೆಯುತ್ತಿತ್ತೆಂಬುದು ಸಾಹಿತ್ಯದ ವಿದ್ಯಾರ್ಥಿಗೂ ಸ್ಪಷ್ಟವಾದೀತು.