ಹೆಸರು ಹಿಡಿದು ಹಚ್ಚುವ ದೀಪ

ಜೂನ್ 26 ಬಂತೆಂದರೆ ನಮ್ಮ ಶಾಲೆಗಳಲ್ಲಿ ಮಾದಕ ವಸ್ತು ವಿರೋಧಿ ದಿನದ ಜಾಥಾ ಹೊರಡುತ್ತದೆ. ಘೋಷಣೆ, ಭಾಷಣ, ಪ್ರಬಂಧ ಸ್ಪರ್ಧೆ ಎಲ್ಲವೂ ಉಂಟು. ಇವೆಲ್ಲ ಬದುಕಿರುವವರಿಗೆ ಎಚ್ಚರಿಕೆ. ಆ ವ್ಯಸನಕ್ಕೆ ಬಲಿಯಾದವರನ್ನು ನೆನೆಯಲೂ ಒಂದು ದಿನವಿದೆ. ಅದು ಆಗಸ್ಟ್ 31.

ಈ ದಿನಾಚರಣೆ ಮೊದಲಾದದ್ದು 2001ರಲ್ಲಿ, ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದ ಸೇಂಟ್ ಕಿಲ್ಡಾದಲ್ಲಿ. ಅಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆ ವ್ಯಸನಿಗಳಿಗೆ ಶುದ್ಧ ಸೂಜಿ ಒದಗಿಸುವ ಕೇಂದ್ರವೊಂದನ್ನು ನಡೆಸುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸ್ಯಾಲಿ ಫಿನ್ ಎಂಬಾಕೆ ಒಂದು ಸಂಗತಿಯನ್ನು ಗಮನಿಸಿದರು. ಮಾದಕದ ಮಿತಿಮೀರಿ ಸತ್ತವರ ಮನೆಯವರು ದುಃಖವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲೂ ನಾಚುತ್ತಿದ್ದರು. ಅಂಥವರಿಗೆಂದೇ ಒಂದು ರಿಬ್ಬನ್ ಕೊಟ್ಟು, ಬಹಿರಂಗವಾಗಿ ಸ್ಮರಿಸುವ ಏರ್ಪಾಡು ಮಾಡಿದರು.

ಆ ಪದ್ಧತಿ ಇಂದು ಅಮೆರಿಕದ ಎಷ್ಟೋ ಚರ್ಚುಗಳಿಗೆ ಬಂದಿದೆ. 2022ರ ಒಂದೇ ವರ್ಷದಲ್ಲಿ 1,07,941 ಮಂದಿಯನ್ನು ಹೀಗೆ ಕಳೆದುಕೊಂಡ ದೇಶ ಅದು. 2024ರಲ್ಲಿ ಆ ಸಂಖ್ಯೆ ಸುಮಾರು 80 ಸಾವಿರಕ್ಕೆ ಇಳಿಯಿತು ಎನ್ನುವುದೇ ಸಮಾಧಾನ. ಸಂಜೆ ಪ್ರಾರ್ಥನೆಗೆ ಜನ ಸೇರುತ್ತಾರೆ. ಮೇಜಿನ ಮೇಲೆ ಭಾವಚಿತ್ರಗಳು. ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಒಂದೊಂದೇ ಮೇಣದಬತ್ತಿ ಹಚ್ಚುತ್ತಾರೆ. ಹಿಂದೆ ಪಿಸುಮಾತಿನಲ್ಲಿ ಹೇಳುತ್ತಿದ್ದ ಹೆಸರುಗಳೇ ಅವು.

ಇದರಿಂದ ಸತ್ತವರು ಬಂದಾರೆಯೇ ಎಂದು ಕೇಳಬಹುದು. ಉತ್ತರಕ್ಕೆ ಸಾವು ಹೇಗೆ ಬರುತ್ತದೆಂದು ತಿಳಿಯಬೇಕು.

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೊಡನೆ ಮೆದುಳಿನ ಬುಡದಲ್ಲಿರುವ ಕೇಂದ್ರ 'ಉಸಿರೆಳೆ' ಎಂದು ಆಜ್ಞಾಪಿಸುತ್ತದೆ. ನಿದ್ರೆಯಲ್ಲೂ ನಾವು ಉಸಿರಾಡುವುದು ಈ ಕಾವಲಿನಿಂದ. ಹೆರಾಯಿನ್, ಫೆಂಟನಿಲ್‌ನಂಥ ಅಫೀಮಿನ ಕುಲದ ಮದ್ದುಗಳು ಅಲ್ಲಿನ ಜೀವಕೋಶಗಳ ಮೇಲೆ ಬೀಗಕ್ಕೆ ಕೀಲಿಕೈ ಕೂತಂತೆ ಕೂರುತ್ತವೆ. ಕಾವಲುಗಾರ ತೂಕಡಿಸುತ್ತಾನೆ. ಉಸಿರು ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ಫೆಂಟನಿಲ್ ಅಂತೂ ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀಕ್ಷ್ಣ. ಎರಡೇ ಮಿಲಿಗ್ರಾಂ ಕೊಲ್ಲಬಲ್ಲದು.

ಇದಕ್ಕೆ ಪ್ರತಿಮದ್ದು ಇದೆ. ಹೆಸರು ನಲೋಕ್ಸೋನ್. ಅದು ಅದೇ ಬೀಗದೊಳಗೆ ಇನ್ನೂ ಬಿಗಿಯಾಗಿ ಕೂತು ಹಳೆಯ ಕೀಲಿಕೈಯನ್ನು ಹೊರದಬ್ಬುತ್ತದೆ. ಮೂಗಿಗೆ ಸಿಂಪಡಿಸಿದರೆ ಎರಡು ಮೂರು ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಅದರ ಪ್ರಭಾವ ಅರ್ಧದಿಂದ ಒಂದೂವರೆ ಗಂಟೆ ಮಾತ್ರ. ಆಮೇಲೂ ಆಸ್ಪತ್ರೆಗೆ ಒಯ್ಯಲೇಬೇಕು. 1960ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಇದನ್ನು ತಯಾರಿಸಿದವರಲ್ಲಿ ಜ್ಯಾಕ್ ಫಿಶ್‌ಮನ್ ಒಬ್ಬರು. 2003ರಲ್ಲಿ ಅವರ ಮಲಮಗನೇ ಹೆರಾಯಿನ್ ಮಿತಿಮೀರಿ ತೀರಿಕೊಂಡ. ಮದ್ದು ಕಂಡುಹಿಡಿದವರ ಕುಟುಂಬದಲ್ಲೇ ಮದ್ದು ಸಮಯಕ್ಕೆ ಒದಗಲಿಲ್ಲ.

ಏಕೆಂದರೆ ನಲೋಕ್ಸೋನ್ ತನಗೆ ತಾನೇ ಕೊಟ್ಟುಕೊಳ್ಳಬಹುದಾದ ಮದ್ದಲ್ಲ. ಪ್ರಜ್ಞೆ ತಪ್ಪಿದವನಿಗೆ ಪಕ್ಕದಲ್ಲಿರುವವರೇ ಕೊಡಬೇಕು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ? ನಾಚಿಕೆಗೆ ಅಂಜಿದವನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಮನೆಯವರು ನೆರೆಯವರಿಗೆ ತಿಳಿಯದಿರಲೆಂದು ಸುಮ್ಮನಿರುತ್ತಾರೆ. ಆ ಮೌನದಲ್ಲಿ ಕಳೆಯುವ ನಾಲ್ಕೈದು ನಿಮಿಷಗಳೇ ಸಾಕು.

ಹೆಸರು ಓದುವುದರ ಪ್ರಯೋಜನ ಇಲ್ಲಿದೆ. ಒಬ್ಬ ತಾಯಿ ಎದ್ದು ಮಗನ ಹೆಸರು ಹೇಳಿದರೆ, ಹಿಂದಿನ ಬೆಂಚಿನಲ್ಲಿ ಕೂತ ಇನ್ನೊಬ್ಬ ತಾಯಿಗೆ ತನ್ನ ಮನೆಯ ವಿಷಯ ಹೇಳಲು ಧೈರ್ಯ ಬರುತ್ತದೆ. ಆಕೆಯ ಮಗ ಇನ್ನೂ ಬದುಕಿರಬಹುದು. ಇದನ್ನರಿತೇ ಎಷ್ಟೋ ಚರ್ಚುಗಳು ಪ್ರಾರ್ಥನೆ ಮುಗಿದ ಮೇಲೆ ಆ ಸಿಂಪಡಿಕೆ ಬಳಸುವ ತರಬೇತಿಯನ್ನೂ ಕೊಡುತ್ತವೆ. 2023ರಿಂದ ಅಲ್ಲಿ ಅದು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ.

ಸತ್ತವರಿಗೆ ದೀಪ ಹಚ್ಚಿದ ಕೈಗಳೇ ಮನೆಗೆ ಹೊರಡುವಾಗ ಆ ಪುಟ್ಟ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಳ್ಳುತ್ತವೆ. ಶ್ರದ್ಧೆಗೂ ವಿಜ್ಞಾನಕ್ಕೂ ಅಲ್ಲಿ ಜಗಳವಿಲ್ಲ.