ಕರಿಕೋಟಿನೊಳಗಿನ ಅಳುಕು

ಕನ್ನಡ ಮಾಧ್ಯಮದಲ್ಲಿ ಓದಿ, ಮಂಗಳೂರಿನಲ್ಲೋ ಬೇರೆಡೆಯಲ್ಲೋ ಕಾನೂನು ಪದವಿ ಪಡೆದು, ಎರ್ನಾಕುಳಕ್ಕೆ ಹೋಗಿ ಸನ್ನದು ಪಡೆದು ಬಂದ ನಮ್ಮ ತರುಣ ತರುಣಿಯರು ಇಂದು ಕಾಸರಗೋಡಿನ ನ್ಯಾಯಾಲಯಗಳಲ್ಲಿ ಅಪರೂಪವಲ್ಲ. ಸಂತೋಷದ ವಿಷಯವೇ. ಆದರೆ ಪದವಿಯಿದ್ದು, ಸನ್ನದಿದ್ದು, ಕಟ್ಟು ಕೈಯಲ್ಲಿದ್ದೂ ಎದ್ದು ನಿಲ್ಲುವ ಹೊತ್ತಿಗೆ "ನಾನು ಇಲ್ಲಿ ನಿಲ್ಲತಕ್ಕವನಲ್ಲ, ಇಂದಲ್ಲ ನಾಳೆ ನನ್ನ ಬಣ್ಣ ಬಯಲಾದೀತು" ಎಂಬ ಅಳುಕು ಅವರಲ್ಲಿ ಹಲವರನ್ನು ಕಾಡುತ್ತದೆ. ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ, ಹಿರಿಯ ವಕೀಲರೊಡನೆ ಹೇಳಲು ಸಂಕೋಚ.

ಈ ಅಳುಕಿಗೆ ಒಂದು ಹೆಸರೂ ಇದೆ. 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಸಾಧನೆ ಮಾಡಿದ ಮಹಿಳೆಯರೇ ತಮ್ಮ ಗೆಲುವನ್ನು ಅದೃಷ್ಟದ ಲೆಕ್ಕಕ್ಕೆ ಹಾಕಿ ತಾವು ನಕಲಿಗಳೆಂದು ಹೆದರುವುದನ್ನು ಕಂಡು ಬರೆದರು. ಜನ ಈಗ ಅದನ್ನು ಇಂಪೋಸ್ಟರ್ ಸಿಂಡ್ರೋಮ್ ಎನ್ನುತ್ತಾರೆ. ಹೆಸರು ಕೇಳಿ ಕಾಯಿಲೆಯೆಂದು ಗಾಬರಿಪಡಬೇಕಾಗಿಲ್ಲ. ಅವರಿಬ್ಬರೂ ಅದನ್ನು ರೋಗವೆಂದು ಕರೆದವರಲ್ಲ.

1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದ ಗಾಂಧೀಜಿಯವರಿಗೆ ಬೊಂಬಾಯಿಯ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಮೊದಲ ದಾವೆ ದೊರೆತಾಗ, ವಾದಿಯ ಸಾಕ್ಷಿಗಳಿಗೆ ಪಾಟೀಸವಾಲು ಹಾಕಲು ಎದ್ದು ನಿಂತವರಿಗೆ ತಲೆ ತಿರುಗಿತು; ಒಂದು ಪ್ರಶ್ನೆಯೂ ಹೊರಡಲಿಲ್ಲ. ಪಡೆದ 30 ರೂಪಾಯಿಯನ್ನು ಹಿಂದಿರುಗಿಸಿ ಹೊರನಡೆದರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದಕ್ಕಿಂತಲೂ ಗಮನಿಸತಕ್ಕದ್ದು ಮುಂದಿನ ಸಂಗತಿ. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ ಕೈಗೆ ಬಂದ ದಾವೆ ಪೂರ್ತಿ ಲೆಕ್ಕಪತ್ರದ್ದು. ಪ್ರಾಮಿಸರಿ ನೋಟು ಎಂದರೇನೆಂದೂ ಅವರಿಗೆ ತಿಳಿದಿರಲಿಲ್ಲ. ಗುಮಾಸ್ತನನ್ನು ಕೇಳಿದರು, ಲೆಕ್ಕ ಬರೆಯುವ ವಿದ್ಯೆಯ ಪುಸ್ತಕ ಕೊಂಡು ಓದಿದರು, ದಾವೆಯ ಸಂಗತಿಗಳನ್ನೆಲ್ಲ ಅರೆದು ಕುಡಿದರು. ತಿಳಿಯದ್ದನ್ನು ಕಲಿಯಬಹುದು, "ನಾನು ಅಯೋಗ್ಯ" ಎಂಬುದನ್ನು ಕಲಿತು ಮುಗಿಸಲಾಗದು. ಇವೆರಡನ್ನು ಬೇರೆ ಬೇರೆಯಾಗಿ ನೋಡಲು ನಮ್ಮ ಕಿರಿಯ ವಕೀಲರು ಅಭ್ಯಾಸ ಮಾಡಬೇಕು.

ಗಡಿನಾಡಿನಲ್ಲಿ ಮಾತ್ರ ಈ ಅಳುಕು ಬರೀ ಮನಸ್ಸಿನೊಳಗೆ ಹುಟ್ಟಿದ್ದಲ್ಲ. ಇಲ್ಲಿನ ಕೋರ್ಟುಗಳಲ್ಲಿ ನಡೆಯುವುದು ಇಂಗ್ಲಿಷ್ ಮತ್ತು ಮಲಯಾಳ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಆದ ಹುಡುಗಿಗೆ ಮಲಯಾಳದ ಆಪಾದನಾ ಪಟ್ಟಿಯನ್ನು ಓದಲು ಹೊತ್ತು ಹಿಡಿಯುತ್ತದೆ. ಅದು ಬುದ್ಧಿಯ ಕೊರತೆಯಲ್ಲ. ಉಚ್ಚಾರಣೆ ಕೇಳಿ ನಗುವವರಿದ್ದರೆ ನಾಚಿಕೆ ನಗುವವರದು. ಹಾಗೆಂದು ಮಲಯಾಳವನ್ನು ಕಲಿಯದೆ ಕೂರುವುದೂ ಸಲ್ಲ. ಅದನ್ನು ಕಟ್ಟುನಿಟ್ಟಾಗಿ ಕಲಿಯುವುದು ಕನ್ನಡಕ್ಕೆ ಬಗೆದ ದ್ರೋಹವೆಂದು ಭಾವಿಸುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಇನ್ನು ನಮ್ಮ ಮಕ್ಕಳ ಕೈಯಲ್ಲಿರುವ ಬಂಡವಾಳವನ್ನು ನೋಡಿ. 1956ರ ನವೆಂಬರ್ 1ರ ವರೆಗೆ ಈ ಸೀಮೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆ ಕಾಲದ ಮೂಲಗೇಣಿ ಚೀಟುಗಳು, ಕ್ರಯಪತ್ರಗಳು, ಪಾಲುಪಟ್ಟಿಗಳು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಇವೆ. ಕುಮ್ಕಿ ಎಂದರೇನು, ವರ್ಗದಾರ ಯಾರು ಎಂಬುದು ನಿಘಂಟು ನೋಡಿ ತಿಳಿಯುವ ವಿಷಯವಲ್ಲ. ಅವಿಭಕ್ತ ಕುಟುಂಬ ಪದ್ಧತಿಯನ್ನು ಕೇರಳದ 1975ರ ಕಾಯಿದೆ ರದ್ದುಪಡಿಸಿತಾದರೂ, ಅದಕ್ಕೆ ಮುಂಚಿನ ಅಳಿಯಸಂತಾನ ಕುಟುಂಬದ ಪಾಲಿನ ಪ್ರಶ್ನೆ ಬಂದಾಗ ಆ ಹಳೆಯ ಕಾಗದವನ್ನು ಓದಲೇಬೇಕು. ಸಾಕ್ಷಿಯ ಕಟ್ಟೆಯಲ್ಲಿ ನಿಂತ ಅಜ್ಜಿ ಕನ್ನಡದಲ್ಲಿ ಹೇಳಿದ್ದು ಭಾಷಾಂತರದಲ್ಲಿ ಎಲ್ಲಿ ತಪ್ಪಿತೆಂದು ಹಿಡಿಯಬಲ್ಲವರಾರು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೆಯ ಕಲಮು, ನ್ಯಾಯಾಲಯದ ಭಾಷೆಯಲ್ಲದ ಭಾಷೆಯಲ್ಲಿ ಬರುವ ಸಾಕ್ಷ್ಯವನ್ನು ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಲು ಅವಕಾಶ ನೀಡಿದೆ. ಎದ್ದು ನಿಂತು ಅದನ್ನು ಕೇಳುವ ವಕೀಲರು ಬೇಕು.

ಮನೆಯವರಿಗೂ ಒಂದು ಮಾತು. ಸನ್ನದು ಪಡೆದ ಮರು ವರ್ಷವೇ "ಎಷ್ಟು ಸಂಪಾದನೆ?" ಎಂದು ಕೇಳುವುದನ್ನು ಬಿಡಿ. ಕಿರಿಯರಿಗೆ ಕನಿಷ್ಠ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶಗಳಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ಮಾಡಿತು. ಸಲಹೆ ಮಾತ್ರ; ಕಡ್ಡಾಯವಲ್ಲ. ಬಸ್ಸಿನ ಖರ್ಚಿಗೂ ತಂದೆಯ ಮುಂದೆ ಕೈಚಾಚುವವನಿಗೆ ಆತ್ಮವಿಶ್ವಾಸದ ಉಪದೇಶ ಎಷ್ಟು ಮಾಡಿದರೂ ಹತ್ತುವುದಿಲ್ಲ.

ನಮ್ಮ ಹಿರಿಯ ಕನ್ನಡ ವಕೀಲರಲ್ಲಿ ವಿನಂತಿ ಇಷ್ಟೆ. ಕಿರಿಯರಿಗೆ ವಾಯಿದೆ ಕೇಳುವ ಕೆಲಸವನ್ನಷ್ಟೇ ಕೊಡದೆ ತಿಂಗಳಿಗೊಂದು ಸಾಕ್ಷಿಯನ್ನಾದರೂ ಬಿಟ್ಟುಕೊಡಿ. ಸಂಜೆ ಅವರನ್ನು ಕೂರಿಸಿಕೊಂಡು, ನೀವೂ ಮೊದಲ ವರ್ಷ ಎಲ್ಲಿ ತೊದಲಿದಿರಿ ಎಂಬುದನ್ನು ಹೇಳಿ. ಬರುವ ಬೇಸಗೆ ರಜೆಯಲ್ಲಿ ಹಳೆಯ ಕನ್ನಡ ದಸ್ತಾವೇಜುಗಳನ್ನು ಓದಿಸುವ ಎರಡು ದಿನದ ತರಗತಿಯನ್ನು ಯಾರಾದರೂ ನಡೆಸಲು ಮುಂದೆ ಬಂದರೆ ಅದರ ಪ್ರಕಟಣೆಗೆ ಈ ಪತ್ರಿಕೆಯಲ್ಲಿ ಉಚಿತವಾಗಿ ಜಾಗವಿದೆ.